ಕೋರಿ ಮೀನು ಕಸ ಗುಡಿಸುವ ಆಳಲ್ಲ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರ ನಿಮ್ಮ ಪುರವಣಿಯಲ್ಲಿ ಮನೆಯೊಳಗಿನ ಮೀನಿನ ತೊಟ್ಟಿಗಳ ಬಗ್ಗೆ ಒಂದು ಪುಟ ಬಂದಿತ್ತು. ಚೆನ್ನಾಗಿತ್ತು, ಕತ್ತರಿಸಿ ಇಟ್ಟುಕೊಂಡಿದ್ದೇನೆ. ಆದರೆ ಕೋರಿಡೋರಾಸ್, ಸಾಕುವವರ ಬಾಯಲ್ಲಿ ಕೋರಿ, ಅನ್ನುವ ಮೀನಿನ ಬಗ್ಗೆ ಅದರಲ್ಲಿದ್ದ ಎರಡು ಸಾಲು ಓದಿ ಹೊಲಿಗೆ ಮಷಿನ್ನಿನ ಮೇಲಿದ್ದ ಕಾಲು ಹಾಗೇ ನಿಂತಿತು. ಈ ಮೀನು ತಳದ ಕಸ ತಿಂದು ತೊಟ್ಟಿಯನ್ನು ಸ್ವಚ್ಛವಾಗಿಡುತ್ತದೆ, ಒಂದು ತಂದು ಬಿಟ್ಟರೆ ಸಾಕು ಎಂದು ಬರೆದಿದ್ದರು. ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಇದೇ ಮಾತನ್ನು ನಾನೂ ನಂಬಿದ್ದೆ. ನಂಬಿ ಒಂದು ಮೀನನ್ನು ಸಾಯಿಸಿದ್ದೇನೆ. ಅದಕ್ಕೇ ಈ ಪತ್ರ. ಉದ್ದವಾದರೆ ಕತ್ತರಿ ನಿಮ್ಮ ಕೈಯಲ್ಲೂ ಇದೆಯಲ್ಲ.

ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳು. ತೊಟ್ಟಿ ಮಗಳದ್ದು. ಅವಳು ಓದಲು ಹಾಸ್ಟೆಲಿಗೆ ಹೋದ ಮೇಲೆ ನನ್ನ ಪಾಲಿಗೆ ಬಂತು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಸುಮಾರು 55 ಲೀಟರ್ ನೀರು ಹಿಡಿಯುತ್ತದೆ. ಮಷಿನ್ನಿನ ಎಡಗಡೆಗೇ ಇದೆ, ಕತ್ತು ತಿರುಗಿಸಿದರೆ ಕಾಣುತ್ತದೆ. ಆಗ ಅದರಲ್ಲಿ ಟೆಟ್ರಾ ಅನ್ನುವ ಎಂಟು ಪುಟ್ಟ ಮೀನು ಮತ್ತು ಒಂದೇ ಒಂದು ಕಂಚಿನ ಬಣ್ಣದ ಕೋರಿ ಇದ್ದವು. ಬ್ರಾಂಜ್ ಕೋರಿ ಅನ್ನುತ್ತಾರೆ. ತಳದಲ್ಲಿ ಬಣ್ಣ ಬಣ್ಣದ ಚೂಪು ಕಲ್ಲು.

ಮೇಲಿನಿಂದ ಚಿಟಿಕೆ ಆಹಾರ ಉದುರಿಸುತ್ತಿದ್ದೆ. ಟೆಟ್ರಾಗಳು ಒಂದು ಚೂರೂ ಕೆಳಗೆ ಬೀಳಲು ಬಿಡುತ್ತಿರಲಿಲ್ಲ. ಕೆಳಗಿರುವುದು ಹೇಗೂ ಗಲೀಜು ತಿಂದು ಬದುಕುತ್ತದೆ ಎಂಬುದು ನನ್ನ ಲೆಕ್ಕ. ಅದು ದಿನವಿಡೀ ಕಲ್ಲು ಕೆದಕುತ್ತಿತ್ತು. ‘ಎಷ್ಟು ಚುರುಕಾಗಿ ಕೆಲಸ ಮಾಡುತ್ತೆ ನೋಡಿ’ ಎಂದು ಬಟ್ಟೆ ಕೊಡಲು ಬಂದವರಿಗೆಲ್ಲ ತೋರಿಸಿದ್ದೆ. ಕೆಲಸ ಅಲ್ಲ, ಅದು ಹಸಿವು. ಮೂರು ತಿಂಗಳಲ್ಲಿ ಅದರ ಹೊಟ್ಟೆ ಒಳಗೆ ಹೋಯಿತು. ಬಾಯಿಯ ಸುತ್ತ ಇದ್ದ ಮೀಸೆಗಳು ಸವೆದು ಮೊಂಡಾದವು. ಒಂದು ದಿನ ಬೆಳಿಗ್ಗೆ ಕಲ್ಲಿನ ಮೇಲೆ ಪಕ್ಕಕ್ಕೆ ಒರಗಿತ್ತು.

ಮಗಳಿಗೆ ಫೋನ್ ಮಾಡಿದೆ. ‘ಅಮ್ಮಾ, ಅದಕ್ಕೆ ಏನು ಹಾಕ್ತಿದ್ದೆ?’ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಹುಡುಕಿ ಹುಡುಕಿ ಓದಿದೆ. ಯಾವ ಕೋರಿಯೂ ಬೇರೆ ಮೀನಿನ ಹಿಕ್ಕೆ ತಿಂದು ಬದುಕುವುದಿಲ್ಲ. ಅದಕ್ಕೆ ಬೇಕಾದದ್ದು ಹುಳು, ಸಣ್ಣ ಸೀಗಡಿಯಂಥ ಜೀವಿಗಳು, ತಳಕ್ಕೆ ಮುಳುಗುವ ಗುಳಿಗೆ ಆಹಾರ. ಗಾಜಿನ ಮೇಲಿನ ಪಾಚಿಯನ್ನಂತೂ ಮುಟ್ಟುವುದಿಲ್ಲ. ಇನ್ನು ಸ್ವಚ್ಛತೆಯ ಮಾತು. ಅದೂ ತಿನ್ನುತ್ತದೆ, ಅದೂ ಹೊರಗೆ ಹಾಕುತ್ತದೆ, ಅದರ ಕಿವಿರಿನಿಂದಲೂ ಅಮೋನಿಯಾ ನೀರಿಗೆ ಸೇರುತ್ತದೆ. ಒಂದು ಮೀನು ಜಾಸ್ತಿಯಾದರೆ ಗಲೀಜೂ ಜಾಸ್ತಿ. ಆ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ಮತ್ತೆ ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಮಾಡುವುದು ಫಿಲ್ಟರಿನ ಸ್ಪಾಂಜಿನಲ್ಲಿ ಕೂತ ಬ್ಯಾಕ್ಟೀರಿಯಾ. ಉಳಿದ ನೈಟ್ರೇಟನ್ನು ಹೊರಗೆ ಹಾಕುವುದು ಬಕೆಟ್ ಹಿಡಿದ ನಾವು. ತೊಟ್ಟಿ ತೊಳೆಯುವ ಆಳು ಯಾರು ಅಂದರೆ ಅದು ನಾನೇ.

ಮತ್ತೆ ತರುವ ಮೊದಲು ಕಲ್ಲನ್ನೆಲ್ಲ ತೆಗೆದು ನುಣುಪು ಮರಳು ಹಾಕಿದೆ. ಏಳೆಂಟು ಸಲ ತೊಳೆದರೂ ನೀರು ಮಜ್ಜಿಗೆಯ ಹಾಗೆ ಇತ್ತು, ಆ ಕಥೆ ಬೇಡ. ಆಮೇಲೆ ಆರು ಮರಿ ತಂದೆ. ಆರು ಯಾಕೆ ಅಂದರೆ ಇದು ಗುಂಪಿನ ಮೀನು. ಒಂಟಿಯಾಗಿದ್ದರೆ ಮೂಲೆ ಹಿಡಿಯುತ್ತದೆ. ಆರೂ ಮರಳಿಗೆ ಮುಖ ಹೂತು ಒಂದು ಬಾಯಿ ಮರಳು ತುಂಬಿಕೊಂಡು, ತಿನ್ನುವುದನ್ನು ಆರಿಸಿ, ಉಳಿದ ಮರಳನ್ನು ಕಿವಿರಿನ ಸಂದಿಯಿಂದ ಹೊಗೆಯಂತೆ ಬಿಡುವುದನ್ನು ನೋಡಿದಾಗಲೇ ನನಗೆ ಗೊತ್ತಾಗಿದ್ದು, ಸತ್ತ ಆ ಮೀನು ಚೂಪು ಕಲ್ಲಿನ ಮೇಲೆ ಇದನ್ನೇ ಮಾಡಲು ನೋಡುತ್ತಿತ್ತು ಎಂದು.

ಈ ಮೀನಿನ ಬಗ್ಗೆ ನಿಮ್ಮ ಪುಟದಲ್ಲಿ ಹೇಳಬಹುದಾಗಿದ್ದ ವಿಷಯ ಬೇಕಾದಷ್ಟಿತ್ತು. ಇದರ ತವರು ದಕ್ಷಿಣ ಅಮೆರಿಕದ ಹೊಳೆಗಳು. ಕೋರಿಡೋರಾಸ್ ಅನ್ನುವ ಹೆಸರನ್ನು 1803ರಲ್ಲಿ ಫ್ರಾನ್ಸಿನ ಲಾಸೆಪೇಡ್ ಇಟ್ಟ. ಗ್ರೀಕಿನಲ್ಲಿ ಶಿರಸ್ತ್ರಾಣ, ಚರ್ಮ ಅನ್ನುವ ಎರಡು ಪದ ಸೇರಿಸಿದ್ದು. ಸರಿಯಾಗೇ ಇದೆ. ಮೈಮೇಲೆ ಹುರುಪೆ ಇಲ್ಲ. ಅದರ ಬದಲು ಎರಡು ಸಾಲು ಎಲುಬಿನ ತಗಡುಗಳು, ಒಂದರ ಮೇಲೊಂದು ಅರ್ಧರ್ಧ ಹೊದ್ದುಕೊಂಡು ಕೂತಿವೆ. ನನ್ನ ಕಣ್ಣಿಗೆ ಇಸ್ತ್ರಿ ಮಾಡಿದ ನೆರಿಗೆಯ ಹಾಗೆ ಕಾಣುತ್ತದೆ. ಬೀಗಲ್ ಹಡಗಿನಲ್ಲಿ ಹೋದ ಡಾರ್ವಿನ್ ಸಂಗ್ರಹಿಸಿದ ಮೀನುಗಳಲ್ಲೂ ಒಂದು ಕೋರಿ ಇತ್ತು. ಮೈಮೇಲೆ ಕಪ್ಪು ಚುಕ್ಕೆಯ ಪೆಪ್ಪರ್ಡ್ ಕೋರಿ ಅಂತ ಈಗ ಸಾಕುತ್ತಾರಲ್ಲ, ಅದೇ. ಅದನ್ನು 1842ರಲ್ಲಿ ಜೆನಿನ್ಸ್ ಎಂಬಾತ ವಿವರಿಸಿದ. ನನ್ನ ಹತ್ತಿರ ಇರುವ ಬ್ರಾಂಜ್ ಕೋರಿಯನ್ನು 1858ರಲ್ಲಿ ಟ್ರಿನಿಡಾಡ್ ದ್ವೀಪದ ಮೀನು ನೋಡಿ ಗಿಲ್ ಎಂಬ ವಿಜ್ಞಾನಿ ವಿವರಿಸಿದ. 2024ರಲ್ಲಿ ವಿಜ್ಞಾನಿಗಳು ಇಡೀ ಕುಲವನ್ನೇ ಬಿಡಿಸಿ ಬೇರೆ ಬೇರೆ ಕುಲ ಮಾಡಿದ್ದಾರೆ. ಅದರ ಪ್ರಕಾರ ನನ್ನ ಮೀನು ಈಗ ಕೋರಿಡೋರಾಸ್ ಈನಿಯಸ್ ಅಲ್ಲ, ಆಸ್ಟಿಯೋಗ್ಯಾಸ್ಟರ್ ಈನಿಯ. ಮೀನಿಗೆ ಇದು ಗೊತ್ತಿಲ್ಲ. ನಾವು ಮನೆಯಲ್ಲಿ ಕೋರಿ ಅಂತಲೇ ಕರೆಯುತ್ತೇವೆ.

ಇನ್ನೆರಡು ಸಂಗತಿ. ಈ ಮೀನು ಆಗಾಗ ರಾಕೆಟ್ಟಿನಂತೆ ಮೇಲೆ ನುಗ್ಗಿ ಒಂದು ಗುಟುಕು ಗಾಳಿ ನುಂಗಿ ಕೆಳಗೆ ಬರುತ್ತದೆ. ಆ ಗಾಳಿಯಲ್ಲಿನ ಆಮ್ಲಜನಕವನ್ನು ಕರುಳಿನ ಹಿಂಭಾಗ ಹೀರಿಕೊಳ್ಳುತ್ತದೆ. ಹೊಸಬರು ಗಾಬರಿಯಾಗಬೇಕಿಲ್ಲ. ಆದರೆ ನಿಮಿಷಕ್ಕೆ ಹತ್ತು ಸಲ ಮೇಲೆ ಹೋಗುತ್ತಿದ್ದರೆ ನೀರು ಕೆಟ್ಟಿದೆ ಎಂದು ತಿಳಿಯಬೇಕು. ಎರಡನೆಯದು, ಇದು ಕಣ್ಣು ಹೊಡೆಯುತ್ತದೆ. ರೆಪ್ಪೆ ಇಲ್ಲ, ಗುಡ್ಡೆಯನ್ನೇ ಒಮ್ಮೆ ಕೆಳಗೆ ಉರುಳಿಸಿ ಮೇಲೆ ತರುತ್ತದೆ. ಬ್ಲೌಸಿನ ಕೊಕ್ಕೆ ಹಾಕುತ್ತಾ ಕೂತಾಗ ಪಕ್ಕದಿಂದ ಯಾರೋ ಕಣ್ಣು ಹೊಡೆದಂತಾದರೆ ನಗು ಬರದೇ ಇರುತ್ತಾ?

ಒಂದು ಎಚ್ಚರಿಕೆ. ಬೆನ್ನಿನ ರೆಕ್ಕೆಗೂ ಎದೆಯ ಎರಡು ರೆಕ್ಕೆಗಳಿಗೂ ಮುಂದುಗಡೆ ಒಂದೊಂದು ಮುಳ್ಳಿದೆ. ಹೆದರಿದಾಗ ಅದನ್ನು ಬಿಡಿಸಿ ಬೀಗ ಹಾಕಿದಂತೆ ನಿಲ್ಲಿಸುತ್ತದೆ. ಒಮ್ಮೆ ಹಿಡಿಯಲು ಹೋಗಿ ಎದೆಯ ಮುಳ್ಳು ಬಲೆಗೆ ಸಿಕ್ಕಿತು. ಎಳೆದರೆ ರೆಕ್ಕೆ ಕಿತ್ತು ಬರುತ್ತದೆ. ಬಲೆ ಸಮೇತ ನೀರಿನಲ್ಲೇ ಹಿಡಿದು, ನೂಲು ಕತ್ತರಿಸುವ ಸಣ್ಣ ಕತ್ತರಿಯಿಂದ ಮುಳ್ಳಿನ ಸುತ್ತಲಿನ ಎಳೆ ಒಂದೊಂದಾಗಿ ಕತ್ತರಿಸಿದೆ. ಏಳನೆಯ ಎಳೆಗೆ ಮೀನು ಜಾರಿ ಹೋಯಿತು, ಹೋಗುವಾಗ ಬೆರಳಿಗೆ ಚುಚ್ಚಿತು. ಸೂಜಿ ಚುಚ್ಚುವುದು ನನಗೆ ಹೊಸದಲ್ಲ, ಆದರೆ ಈ ಉರಿ ಬೇರೆ, ಬಹಳ ಹೊತ್ತು ಇತ್ತು. ಆವತ್ತಿನಿಂದ ಬಲೆ ಬಿಟ್ಟು ಪ್ಲಾಸ್ಟಿಕ್ ಡಬ್ಬಿಯಲ್ಲಿ ಅಟ್ಟಿಸಿ ಹಿಡಿಯುತ್ತೇನೆ.

ಈಗ ಮರಿಯ ವಿಷಯಕ್ಕೆ ಬರುತ್ತೇನೆ. ಬರೆಯಲು ಕೂತದ್ದೇ ಇದಕ್ಕೆ.

ವರ್ಷ ಕಳೆದ ಮೇಲೆ ಆರರಲ್ಲಿ ಎರಡು ದಪ್ಪಗಾದವು. ಪಕ್ಕದಿಂದ ನೋಡಿದರೆ ಅಷ್ಟು ಗೊತ್ತಾಗುವುದಿಲ್ಲ, ಮೇಲಿನಿಂದ ನೋಡಬೇಕು. ಹೆಣ್ಣಿನ ನಡು ಅಗಲ, ಗಂಡು ಸಪೂರ. ನನ್ನ ಅದೃಷ್ಟಕ್ಕೆ ನಾಲ್ಕು ಗಂಡು, ಎರಡು ಹೆಣ್ಣು. ಒಂದು ಹೆಣ್ಣಿಗೆ ಎರಡು ಗಂಡಿದ್ದರೆ ಒಳ್ಳೆಯದು ಎಂದು ಸಾಕುವವರು ಹೇಳುವುದು. ಒಂದು ಸಂಜೆ ಗುಡುಗು ಮಳೆ ಶುರುವಾಯಿತು. ಅದೇ ಹೊತ್ತಿಗೆ ವಾರದ ನೀರು ಬದಲಿಸುತ್ತಿದ್ದೆ. ಬಕೆಟ್ಟಿನ ನೀರು ತೊಟ್ಟಿಯದಕ್ಕಿಂತ ಮೂರು ನಾಲ್ಕು ಡಿಗ್ರಿ ತಣ್ಣಗಿತ್ತು. ಗಮನಿಸದೆ ಅರ್ಧ ತೊಟ್ಟಿ ಸುರಿದುಬಿಟ್ಟೆ. ಮೀನಿಗೆ ಚಳಿಯಾಯಿತೇನೋ ಎಂದು ಬೈದುಕೊಂಡು ಮಲಗಿದೆ.

ಬೆಳಿಗ್ಗೆ ಎದ್ದು ನೋಡಿದರೆ ಆರೂ ಹುಚ್ಚು ಹಿಡಿದಂತೆ ಗಾಜಿನ ಉದ್ದಕ್ಕೂ ಮೇಲೆ ಕೆಳಗೆ ಓಡುತ್ತಿದ್ದವು. ಗಂಡುಗಳು ಹೆಣ್ಣಿನ ಬೆನ್ನು ಬಿಡುತ್ತಿಲ್ಲ. ಕಾಯಿಲೆಯೇ ಬಂತು ಅಂದುಕೊಂಡೆ. ಇವುಗಳ ಊರಿನಲ್ಲಿ ಮಳೆಗಾಲ ಬಂದು ಹೊಳೆಗೆ ತಣ್ಣೀರು ನುಗ್ಗಿದಾಗ ಮೊಟ್ಟೆ ಇಡುವ ಕಾಲ. ನಾನು ಗೊತ್ತಿಲ್ಲದೆ ಒಂದು ಬಕೆಟ್ಟಿನಲ್ಲಿ ಮಳೆಗಾಲ ತಂದಿದ್ದೆ.

ಒಂಬತ್ತು ಗಂಟೆಗೆ ನೋಡಿದ್ದನ್ನು ಹಾಗೇ ಬರೆಯುತ್ತೇನೆ. ಒಂದು ಗಂಡು ಹೆಣ್ಣಿನ ಮುಂದೆ ಅಡ್ಡಲಾಗಿ ನಿಂತು ಮೈ ಬಾಗಿಸಿತು. ಹೆಣ್ಣು ಅದರ ಹೊಟ್ಟೆಗೆ ಬಾಯಿ ಒತ್ತಿ ಹಿಡಿಯಿತು. ಗಂಡು ತನ್ನ ಎದೆಯ ರೆಕ್ಕೆಯಿಂದ ಅದರ ಮೀಸೆಯನ್ನು ಅದುಮಿಕೊಂಡಿತು. ಎರಡೂ ಸೇರಿ ಇಂಗ್ಲಿಷಿನ ‘ಟಿ’ ಅಕ್ಷರದ ಹಾಗೆ ಅಲುಗಾಡದೆ ನಿಂತವು. ಕೆಲವು ಕ್ಷಣ ಅಷ್ಟೇ. ಬಿಟ್ಟಾಗ ಹೆಣ್ಣಿನ ಹೊಟ್ಟೆಯ ಕೆಳಗಿನ ಜೋಡಿ ರೆಕ್ಕೆ ಬೊಗಸೆಯಂತೆ ಕೂಡಿತ್ತು, ಅದರೊಳಗೆ ನಾಲ್ಕು ಮೊಟ್ಟೆ. ಬೊಗಸೆ ಬಿಡಿಸದೆ ತೊಟ್ಟಿಯಿಡೀ ಸುತ್ತಿತು. ಗಾಜಿನ ಒಂದು ಜಾಗವನ್ನು ಬಾಯಿಂದ ಉಜ್ಜಿ ನೋಡಿತು. ಇಷ್ಟವಾಗಲಿಲ್ಲ. ಇನ್ನೊಂದು ಜಾಗ ಉಜ್ಜಿತು. ಅಲ್ಲಿ ಹೊಟ್ಟೆ ಒತ್ತಿ ನಾಲ್ಕನ್ನೂ ಅಂಟಿಸಿ ಹೋಯಿತು. ಮೊಟ್ಟೆ ಸಾಸಿವೆ ಕಾಳಿನಷ್ಟು, ಗಾಜಿನಂತೆ ಪಾರದರ್ಶಕ. ಮತ್ತೆ ಗಂಡಿನ ಹತ್ತಿರ, ಮತ್ತೆ ಬೊಗಸೆ, ಮತ್ತೆ ಗಾಜು. ಮಧ್ಯಾಹ್ನದವರೆಗೆ ಇದೇ ನಡೆಯಿತು. ಒಂದು ಮದುವೆ ಬ್ಲೌಸ್ ಆವತ್ತು ಕೊಡಬೇಕಿತ್ತು, ಕೊಡಲಿಲ್ಲ.

ಹೆಣ್ಣು ಆ ‘ಟಿ’ ಭಂಗಿಯಲ್ಲಿ ಏನು ಮಾಡುತ್ತದೆ ಎಂಬುದು ಬಹಳ ಕಾಲ ಒಗಟಾಗಿತ್ತು. 1995ರಲ್ಲಿ ಜಪಾನಿನ ಸಂಶೋಧಕರು ಇದೇ ಬ್ರಾಂಜ್ ಕೋರಿಯ ಮೇಲೆ ಅಧ್ಯಯನ ಮಾಡಿ ಬರೆದರು. ಹೆಣ್ಣು ಗಂಡಿನ ವೀರ್ಯವನ್ನು ಕುಡಿಯುತ್ತದೆ, ಅದು ಕರುಳಿನ ಮೂಲಕ ಸರ್ರನೆ ಹಾದು, ರೆಕ್ಕೆಯ ಬೊಗಸೆಯಲ್ಲಿರುವ ಮೊಟ್ಟೆಗೆ ಸೇರುತ್ತದೆ ಎಂದು. ಮಗಳು ಫೋನಿನಲ್ಲಿ ಇದನ್ನು ಓದಿ ಹೇಳಿದಾಗ ನಾನು ನಂಬಲಿಲ್ಲ. ಸುಮ್ನೆ ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡಿದ್ದೆ.

ಆ ಮೊದಲ ಮೊಟ್ಟೆಗಳಲ್ಲಿ ಒಂದೂ ಉಳಿಯಲಿಲ್ಲ. ಸಂಜೆಯ ಹೊತ್ತಿಗೆ ಟೆಟ್ರಾಗಳು ಅರ್ಧ ಮುಗಿಸಿದ್ದವು. ಉಳಿದರ್ಧವನ್ನು ರಾತ್ರಿ ಹೆತ್ತವರೇ ತಿಂದರು. ಕೋರಿ ಮೊಟ್ಟೆ ಕಾಯುವ ಮೀನಲ್ಲ. ಅಂಟಿಸಿದ ಮೇಲೆ ಅದಕ್ಕೂ ಮೊಟ್ಟೆಗೂ ಸಂಬಂಧವಿಲ್ಲ, ಎದುರಿಗೆ ಸಿಕ್ಕರೆ ಊಟ.

ಎರಡನೆಯ ಸಲ ಮೊಟ್ಟೆಗಳನ್ನು ತೆಗೆದು ಗಾಜಿನ ಬಟ್ಟಲಲ್ಲಿ ಇಟ್ಟೆ. ತೆಗೆಯುವುದು ಕಷ್ಟವಿಲ್ಲ. ಇಟ್ಟ ಒಂದೆರಡು ಗಂಟೆಯಲ್ಲಿ ಮೊಟ್ಟೆಯ ಸಿಪ್ಪೆ ಗಟ್ಟಿಯಾಗುತ್ತದೆ. ಆಮೇಲೆ ಬೆರಳ ತುದಿಯಿಂದ ಮೆಲ್ಲಗೆ ಉರುಳಿಸಿದರೆ ಬೆರಳಿಗೇ ಅಂಟಿಕೊಂಡು ಬರುತ್ತದೆ. ಆದರೆ ಬಟ್ಟಲಿಗೆ ಗಾಳಿ ಕೊಡಲಿಲ್ಲ, ಎಲ್ಲವನ್ನೂ ಒಂದೇ ಗುಪ್ಪೆಯಾಗಿ ಹಾಕಿದ್ದೆ. ಎರಡನೇ ದಿನಕ್ಕೆ ಬೂಸ್ಟು. ಫಲಿಸದ ಮೊಟ್ಟೆ ಮೊದಲು ಬಿಳಿಯಾಗುತ್ತದೆ, ಅದರ ಮೇಲೆ ಹತ್ತಿಯಂಥ ಎಳೆ ಹುಟ್ಟುತ್ತದೆ, ಆ ಎಳೆ ಪಕ್ಕದ ಒಳ್ಳೆಯ ಮೊಟ್ಟೆಗೂ ಹಬ್ಬುತ್ತದೆ. ಮೂರನೇ ದಿನ ಬಟ್ಟಲಿನಲ್ಲಿ ಹತ್ತಿ ಉಂಡೆ ಮಾತ್ರ ಇತ್ತು.

ಮೂರನೆಯ ಸಲ ಸ್ವಲ್ಪ ಬುದ್ಧಿ ಬಂದಿತ್ತು. ಐದು ಲೀಟರಿನ ಡಬ್ಬಿ, ತೊಟ್ಟಿಯದೇ ನೀರು, ಗಾಳಿಯ ಗುಳ್ಳೆ ಬಿಡುವ ಒಂದು ಏರ್ ಸ್ಟೋನ್, ನೀರು ತಿಳಿ ನೀಲಿಯಾಗುವಷ್ಟು ಮೆಥಿಲೀನ್ ಬ್ಲೂ ಎಂಬ ಬೂಸ್ಟು ತಡೆಯುವ ಔಷಧಿ. ಮೊಟ್ಟೆಗಳನ್ನು ಒಂದಕ್ಕೊಂದು ತಾಗದಂತೆ ಡಬ್ಬಿಯ ಗೋಡೆಗೆ ಒಂದೊಂದಾಗಿ ಅಂಟಿಸಿದೆ. ಗುಂಡಿ ಅಂಟಿಸುವ ಕೆಲಸದ ಹಾಗೇ, ಕೈಗೆ ಹಿತವಾಗಿತ್ತು. ಎಣಿಸಿದೆ, 83. ಬೆಳಿಗ್ಗೆ ಸಂಜೆ ಭೂತಗನ್ನಡಿ ಹಿಡಿದು ನೋಡಿ ಬಿಳಿಯಾದದ್ದನ್ನು ಡ್ರಾಪರಿನಲ್ಲಿ ಎಳೆದು ಎಸೆಯುತ್ತಿದ್ದೆ. ಒಳ್ಳೆಯ ಮೊಟ್ಟೆ ಬಿಳಿಯಾಗುವುದಿಲ್ಲ. ದಿನೇ ದಿನೇ ಕಂದು ಬಣ್ಣಕ್ಕೆ ತಿರುಗುತ್ತದೆ. ಮೂರನೇ ದಿನ ಒಳಗೆ ಎರಡು ಚುಕ್ಕೆ ಕಾಣುತ್ತದೆ, ಕಣ್ಣು. 25 ಡಿಗ್ರಿ ಶಾಖದಲ್ಲಿ ನಾಲ್ಕನೇ ದಿನ ಒಡೆಯಲು ಶುರುವಾದವು. ಬಾಲ ಮೊದಲು ಹೊರಗೆ ಬಂತು ಒಂದಕ್ಕೆ. ತಲೆಗೆ ಸಿಪ್ಪೆಯ ಟೊಪ್ಪಿ ಹಾಕಿಕೊಂಡೇ ಡಬ್ಬಿಯ ಉದ್ದಕ್ಕೂ ಓಡಾಡಿತು.

ಹುಟ್ಟಿದ್ದು 61. ಟೇಪು ಹಿಡಿದು ಡಬ್ಬಿಯ ಹೊರಗಿನಿಂದ ಅಳೆದೆ, ಅರ್ಧ ಸೆಂಟಿಮೀಟರ್. ಹೊಟ್ಟೆಯಲ್ಲಿ ಹಳದಿ ಚೀಲ ಇರುತ್ತದೆ. ಎರಡು ಮೂರು ದಿನ ಅದೇ ಊಟ. ಆಗ ಏನೂ ಹಾಕಬಾರದು. ನಾನು ಹಾಕಿದೆ. ಬೇಯಿಸಿದ ಕೋಳಿಮೊಟ್ಟೆಯ ಹಳದಿಯನ್ನು ನೀರಿನಲ್ಲಿ ಕದಡಿ ಹಾಕಬಹುದು ಎಂದು ಎಲ್ಲೋ ಓದಿದ್ದೆ. ಹಾಕಬಹುದು, ನಿಜ. ಎಷ್ಟು ಅನ್ನುವುದು ಗೊತ್ತಿರಬೇಕು. ಹಸಿದಿರುತ್ತವೆ ಪಾಪ ಅಂತ ಒಂದು ಚಮಚ ಹಾಕಿದೆ. ರಾತ್ರಿ ಕಳೆದು ಬೆಳಗಾಗುವುದರಲ್ಲಿ ನೀರು ಮಬ್ಬಾಗಿ ವಾಸನೆ ಬಂದಿತ್ತು. ಬೆಳಿಗ್ಗೆ ಎಣಿಸಿದಾಗ ಉಳಿದದ್ದು 23. ಮೊದಲನೆಯದನ್ನು ಉಪವಾಸ ಹಾಕಿ ಸಾಯಿಸಿದೆ, ಇವನ್ನು ಊಟ ಹಾಕಿ ಸಾಯಿಸಿದೆ. ಆವತ್ತು ಮಷಿನ್ ಹತ್ತಿರ ಹೋಗಲಿಲ್ಲ.

ಕೋರಿ ಮರಿ ಸಾಯುವುದು ಹೆಚ್ಚಾಗಿ ಹೀಗೇ. ಅವು ಹೆಚ್ಚು ಈಜುವುದಿಲ್ಲ, ತಳದಲ್ಲಿ ಹೊಟ್ಟೆ ಊರಿ ಕೂರುತ್ತವೆ. ಉಳಿದ ಆಹಾರ ಕೊಳೆಯುವುದೂ ಅಲ್ಲೇ. ಬರೀ ಗಾಜಿನ ತಳವಾದರೆ ಒಂದೇ ದಿನದಲ್ಲಿ ಲೋಳೆಯಂಥ ಪದರ ಕಟ್ಟುತ್ತದೆ, ಮರಿಗಳ ಹೊಟ್ಟೆ ಆ ಲೋಳೆಗೆ ತಾಗಿಕೊಂಡೇ ಇರುತ್ತದೆ. ಈಗ ನಾನು ಮೂರು ಕೆಲಸ ತಪ್ಪಿಸುವುದಿಲ್ಲ. ತಳಕ್ಕೆ ಅಕ್ಕಿಯ ಒಂದೆರಡು ಕಾಳಿನ ದಪ್ಪಕ್ಕೆ ಮರಳು ಹರಡುತ್ತೇನೆ. ನಾಲ್ಕಾರು ಬಸವನಹುಳು ಬಿಡುತ್ತೇನೆ, ಉಳಿದ ಆಹಾರ ಅವು ನೋಡಿಕೊಳ್ಳುತ್ತವೆ. ದಿನಾ ಏರ್ ಪಂಪಿನ ಸಪೂರ ಪೈಪಿನಿಂದ ತಳದ ಗಲೀಜು ಎಳೆದು, ಎಳೆದಷ್ಟೇ ಹೊಸ ನೀರನ್ನು ಹನಿ ಹನಿಯಾಗಿ ಬಿಡುತ್ತೇನೆ. ಎಳೆದ ನೀರು ಬೀಳುವುದು ಬಿಳಿ ಬಕೆಟ್ಟಿಗೇ ಆಗಬೇಕು. ಯಾಕೆ ಅಂದರೆ ಒಂದೆರಡು ಮರಿ ಪೈಪಿನಲ್ಲಿ ಬಂದೇ ಬರುತ್ತವೆ. ಬಿಳಿ ತಳದ ಮೇಲೆ ಎರಡು ಕಣ್ಣು ಓಡಾಡುವುದು ಕಾಣುತ್ತದೆ, ಚಮಚದಲ್ಲಿ ಎತ್ತಿ ಮನೆಗೆ ಕಳಿಸುತ್ತೇನೆ. ಹಸಿರು ಬಕೆಟ್ ಇಟ್ಟಿದ್ದ ದಿನಗಳಲ್ಲಿ ಎಷ್ಟು ಗಿಡದ ಬುಡಕ್ಕೆ ಹೋದವೋ.

ನೀರಿನ ಆಳ ಮೊದಮೊದಲು ಒಂದು ಗೇಣಿಗಿಂತ ಕಮ್ಮಿ ಇರಲಿ. ಮರಿಗಳೂ ಮೇಲೆ ಬಂದು ಗಾಳಿ ನುಂಗಬೇಕಲ್ಲ. ಫಿಲ್ಟರ್ ಹೊಸದು ಬೇಡ, ದೊಡ್ಡ ತೊಟ್ಟಿಯಲ್ಲಿ ಒಂದೆರಡು ತಿಂಗಳು ಓಡಿದ ಸ್ಪಾಂಜ್ ಫಿಲ್ಟರ್ ಆದರೆ ಬ್ಯಾಕ್ಟೀರಿಯಾ ಅದರಲ್ಲೇ ಬಂದಿರುತ್ತದೆ. ಮೋಟಾರ್ ಇರುವ ಫಿಲ್ಟರ್ ಮರಿಗಳನ್ನು ಎಳೆದುಕೊಳ್ಳುತ್ತದೆ. ಬೇರೆ ದಾರಿ ಇಲ್ಲದೆ ಒಂದು ಸಲ ಅದರ ಬಾಯಿಗೆ ಸ್ಪಾಂಜಿನ ತುಂಡಿನಿಂದ ಟೋಪಿ ಹೊಲಿದು ಹಾಕಿದ್ದೆ. ಕೆಂಪು ದಾರದಲ್ಲಿ ಹೊಲಿದು, ಬಣ್ಣ ಬಿಟ್ಟರೆ ಏನು ಗತಿ ಎಂದು ಆಮೇಲೆ ಬಿಚ್ಚಿ ಬಿಳಿ ದಾರದಲ್ಲಿ ಹೊಲಿದೆ.

ಊಟದ ವಿಷಯದಲ್ಲಿ ನನ್ನ ಕೈ ಹಿಡಿದದ್ದು ಮೈಕ್ರೋವರ್ಮ್. ಒಂದೆರಡು ಮಿಲಿಮೀಟರಿನ ದಾರದ ಚೂರಿನಂಥ ಹುಳು. ಮೀನು ಸಾಕುವ ಯಾರ ಹತ್ತಿರವಾದರೂ ಒಂದು ಚಮಚ ಬೀಜ ಇಸಿದುಕೊಂಡರೆ ಸಾಕು. ಓಟ್ಸ್ ಬೇಯಿಸಿ ಮುದ್ದೆ ಮಾಡಿ ಆರಿಸಿ, ಚಿಟಿಕೆ ಯೀಸ್ಟ್ ಉದುರಿಸಿ, ಮುಚ್ಚಳಕ್ಕೆ ತೂತಿರುವ ಡಬ್ಬಿಯಲ್ಲಿ ಬಿಟ್ಟರೆ ಕೆಲವೇ ದಿನದಲ್ಲಿ ಹುಳುಗಳು ಡಬ್ಬಿಯ ಗೋಡೆ ಹತ್ತುತ್ತವೆ. ಬೆರಳಲ್ಲಿ ಒರೆಸಿ ನೀರಿನಲ್ಲಿ ಅದ್ದಿದರೆ ಮರಿಗಳಿಗೆ ಊಟ. ಅವು ಮುಳುಗಿ ತಳಕ್ಕೇ ಹೋಗುತ್ತವೆ, ನೀರಿನಲ್ಲಿ ಗಂಟೆಗಟ್ಟಲೆ ಜೀವಂತ ಇರುತ್ತವೆ, ಹಾಗಾಗಿ ಬೇಗ ಕೊಳೆಯುವುದಿಲ್ಲ. ಕೋರಿ ಮರಿಗೆ ಇದಕ್ಕಿಂತ ಅನುಕೂಲದ್ದು ನಾನು ಕಂಡಿಲ್ಲ. ಡಬ್ಬಿ ಹುಳಿ ವಾಸನೆ ಬರುತ್ತದೆ, ಮನೆಯವರ ಹತ್ತಿರ ಬೈಸಿಕೊಳ್ಳಲು ತಯಾರಿರಿ.

ಒಂದು ವಾರದ ಮೇಲೆ ಆರ್ಟೀಮಿಯಾ ಅನ್ನುವ ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿಯ ಮರಿಗಳನ್ನೂ ಕೊಡುತ್ತೇನೆ. ಅದರ ಮೊಟ್ಟೆ ಮರಿಯಾಗಲು ಲೀಟರ್ ನೀರಿಗೆ 25 ಗ್ರಾಂ ಉಪ್ಪು, ಕೆಳಗಿನಿಂದ ಜೋರಾಗಿ ಗಾಳಿ, ಸುಮಾರು 28 ಡಿಗ್ರಿ ಶಾಖ. ಒಂದು ದಿನ, ಒಂದೂವರೆ ದಿನದಲ್ಲಿ ಮೊಟ್ಟೆ ಒಡೆದು ಕಿತ್ತಳೆ ಬಣ್ಣದ ಧೂಳಿನಂತೆ ತೇಲುತ್ತವೆ. ಬೆಳಕು ಕಂಡಲ್ಲಿ ಗುಂಪು ಸೇರುವ ಸ್ವಭಾವ, ಟಾರ್ಚ್ ಇಟ್ಟು ಒಂದು ಮೂಲೆಗೆ ಕರೆಸಿಕೊಳ್ಳುತ್ತೇನೆ. ಆಮೇಲೆ ಸೋಸಿ, ಉಪ್ಪು ಹೋಗುವಂತೆ ಸಿಹಿನೀರಿನಲ್ಲಿ ತೊಳೆದು ಹಾಕಬೇಕು. ಸೋಸುವ ಬಟ್ಟೆಗೆ ಮನೆಯಲ್ಲಿದ್ದ ಚೂರುಗಳನ್ನೆಲ್ಲ ಪರೀಕ್ಷೆ ಮಾಡಿದೆ. ನೆಟ್ ಬಟ್ಟೆಯಲ್ಲಿ ಎಲ್ಲ ನುಸುಳಿ ಹೋದವು. ಲೈನಿಂಗ್ ಬಟ್ಟೆಯಲ್ಲಿ ನೀರೇ ಇಳಿಯಲಿಲ್ಲ. ಕೊನೆಗೆ ಹೊಂದಿದ್ದು ಹಳೆಯ ಹತ್ತಿ ಕರವಸ್ತ್ರ. ಆರ್ಟೀಮಿಯಾ ತಿಂದ ಮರಿಯ ಹೊಟ್ಟೆ ಹೊರಗಿನಿಂದಲೇ ಕಿತ್ತಳೆಯಾಗಿ ಕಾಣುತ್ತದೆ. ಯಾರು ಉಂಡರು, ಯಾರು ಉಪವಾಸ ಅಂತ ಸಾಲಾಗಿ ನೋಡಿಕೊಂಡು ಬರಬಹುದು.

ಮೊದಲ ಎರಡು ವಾರ ಮರಿ ನೋಡಲು ಕೋರಿಯಂತೆ ಇರುವುದೇ ಇಲ್ಲ. ಗೊದಮೊಟ್ಟೆಗೆ ಬೀಸಣಿಗೆ ಕಟ್ಟಿದ ಹಾಗಿರುತ್ತದೆ. ಮೈತುಂಬ ಕಂದು ಮಚ್ಚೆ, ಮರಳಿನ ಮೇಲೆ ಕೂತರೆ ಹುಡುಕಿದರೂ ಸಿಗುವುದಿಲ್ಲ. ಸತ್ತೇ ಹೋದವು ಎಂದು ನಾನು ಎರಡು ಸಲ ತಪ್ಪು ತಿಳಿದಿದ್ದೇನೆ. ತಿಂಗಳಾಗುವ ಹೊತ್ತಿಗೆ ಒಂದು ಸೆಂಟಿಮೀಟರ್ ದಾಟಿ, ಮೀಸೆ ಬಂದು, ಪುಟ್ಟ ಕೋರಿಯೇ ಆಗುತ್ತದೆ. ಕಣ್ಣು ಹೊಡೆಯಲೂ ಶುರು ಮಾಡುತ್ತದೆ. ಆ 23ರಲ್ಲಿ 19 ದೊಡ್ಡವಾದವು. ಅದರ ಮುಂದಿನ ಸಲ 70 ಮೊಟ್ಟೆಯಲ್ಲಿ 44 ಮರಿ ದೊಡ್ಡವಾದವು.

ಇಲ್ಲಿ ಇನ್ನೊಂದು ತಾಪತ್ರಯ ಶುರುವಾಗುತ್ತದೆ, ಅದನ್ನು ಯಾರೂ ಹೇಳುವುದಿಲ್ಲ. ಮರಿ ಜಾಸ್ತಿ ಆಯಿತು, ಎಲ್ಲಿ ಬಿಡುವುದು? ಈ ಮೀನು ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷವೂ ಬದುಕುತ್ತದೆ. ಕೆರೆಗೋ ಹೊಳೆಗೋ ಸುರಿಯುವ ಮಾತೇ ಬೇಡ, ಅದು ಇವುಗಳ ಊರಲ್ಲ. ನಾನು ಕೇಳಿದವರಿಗೆ ಕೊಡುತ್ತೇನೆ, ಆದರೆ ಒಂದು ಎರಡು ಕೊಡುವುದಿಲ್ಲ. ಕೊಟ್ಟರೆ ಆರು. ತಳಕ್ಕೆ ಏನು ಹಾಕಿದ್ದೀರಿ ಎಂದು ಕೇಳುತ್ತೇನೆ. ಒಬ್ಬರು ‘ನಮ್ಮ ತೊಟ್ಟಿ ತುಂಬಾ ಗಲೀಜಾಗಿದೆ, ಅದಕ್ಕೇ ಬೇಕಿತ್ತು’ ಅಂದರು. ಅವರಿಗೆ ಮೀನು ಕೊಡಲಿಲ್ಲ. ಗಲೀಜು ಎಳೆಯುವ ಪೈಪು ಒಂದು ಮೀಟರ್ ಕತ್ತರಿಸಿ ಕೊಟ್ಟು ಕಳಿಸಿದೆ. ಅವರಿಗೆ ಸ್ವಲ್ಪ ಬೇಜಾರಾಯಿತು ಅನಿಸುತ್ತದೆ. ಎರಡು ತಿಂಗಳ ಮೇಲೆ ತೊಟ್ಟಿಯ ಫೋಟೋ ಕಳಿಸಿದರು, ತಳದಲ್ಲಿ ಮರಳಿತ್ತು. ಆಗ ಆರು ಕೊಟ್ಟೆ.

ಆದ್ದರಿಂದ ನನ್ನ ಕೋರಿಕೆ ಸಣ್ಣದು. ಮುಂದಿನ ವಾರದ ಪುರವಣಿಯಲ್ಲಿ ಒಂದು ಮೂಲೆಯಲ್ಲಾದರೂ ಆ ಎರಡು ಸಾಲನ್ನು ತಿದ್ದಿ. ಕೋರಿ ಕಸ ತಿನ್ನುವುದಿಲ್ಲ, ಮುಳುಗುವ ಆಹಾರ ಬೇರೆಯಾಗಿ ಹಾಕಬೇಕು. ಒಂದಲ್ಲ, ಕಮ್ಮಿ ಅಂದರೂ ಆರು. ತಳಕ್ಕೆ ಚೂಪು ಕಲ್ಲು ಬೇಡ. ಇಷ್ಟು ಬರೆದರೆ ಸಾಕು. ನಿಮ್ಮ ಪುಟ ಓದಿ ಒಂದೇ ಒಂದನ್ನು ತಂದು ಬಿಟ್ಟವರು ಈಗಾಗಲೇ ಇರಬಹುದಲ್ವಾ?

ಈ ಪತ್ರ ಬರೆಯುವಾಗ ಹೊರಗೆ ಮೋಡ ಕಟ್ಟಿದೆ. ದೊಡ್ಡ ಹೆಣ್ಣು ಬೆಳಿಗ್ಗೆಯಿಂದ ಗಾಜಿನ ಮೇಲೆ ಅದೇ ಜಾಗವನ್ನು ಮೂರು ಸಲ ಉಜ್ಜಿ ನೋಡಿದೆ. ಕ್ಲೋರಿನ್ ತೆಗೆದ ನೀರು ಎರಡು ಬಕೆಟ್ ತಣ್ಣಗೆ ಮಾಡಿ ಇಟ್ಟಿದ್ದೇನೆ, ಓಟ್ಸ್ ಒಲೆಯ ಮೇಲಿದೆ.

ಇಂತಿ,
ಮಷಿನ್ ಪಕ್ಕ ತೊಟ್ಟಿ ಇಟ್ಟುಕೊಂಡ ನಿಮ್ಮ ಓದುಗಳು